ಜಿಮ್‌ಗೆ ಹೋಗುವವರೆಲ್ಲ ಪ್ರೋಟೀನ್ ಪೌಡರ್ ತಗೊಳ್ಳಲೇಬೇಕಾ?

ಪ್ರಶ್ನೆ: ನನಗೆ 28 ವರ್ಷ, ತೂಕ 68 ಕೆ.ಜಿ. ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಕೆಲವು ತಿಂಗಳಿಂದ ವಾರಕ್ಕೆ ನಾಲ್ಕು ದಿನ, ರಾತ್ರಿ ಎಂಟರ ಹೊತ್ತಿಗೆ ಜಿಮ್‌ಗೆ ಹೋಗುತ್ತಿದ್ದೇನೆ. ಸ್ಪರ್ಧೆಗೆ ಇಳಿಯುವ ಆಸೆಯೇನೂ ಇಲ್ಲ. ಆರೋಗ್ಯ ಚೆನ್ನಾಗಿರಬೇಕು, ಮೈ ಸ್ವಲ್ಪ ಗಟ್ಟಿಯಾಗಬೇಕು, ಅಷ್ಟೆ. ಆದರೆ ವೇ ಪ್ರೋಟೀನ್, ಕ್ರಿಯೇಟಿನ್, ಬಿಸಿಎಎ, ಪ್ರಿ-ವರ್ಕೌಟ್ ಇದೆಲ್ಲ ತಗೊಳ್ಳದಿದ್ದರೆ ಎಷ್ಟು ಬೆವರು ಸುರಿಸಿದರೂ ಸುಮ್ನೆ ಅಂತ ಜಿಮ್‌ನಲ್ಲಿ ಹೇಳುತ್ತಾರೆ. ಅದನ್ನೆಲ್ಲ ತಿಂದರೆ ಕಿಡ್ನಿ ಹೋಗುತ್ತದೆ ಅಂತ ಮನೆಯಲ್ಲಿ ಅಮ್ಮ ಹೆದರಿಸುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಬೇಕಾಗಿಲ್ಲ. ನಿಮ್ಮಂತೆ ಆರೋಗ್ಯಕ್ಕಾಗಿ ಜಿಮ್‌ಗೆ ಹೋಗುವ ಹೆಚ್ಚಿನವರಿಗೆ ಇದರಲ್ಲಿ ಯಾವುದೂ ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವಂಥದ್ದಲ್ಲ. ಆದರೆ ಪೌಡರ್ ಎಂದರೆ ವಿಷ ಎನ್ನುವುದೂ ಸರಿಯಲ್ಲ. ನೀವು ಡಬ್ಬದ ಬಗ್ಗೆ ಕೇಳುತ್ತಿದ್ದೀರಿ. ನಾನು ಮೊದಲು ನಿಮ್ಮ ಊಟದ ಬಟ್ಟಲಿನ ಬಗ್ಗೆ ಕೇಳುತ್ತೇನೆ. ಕೊರತೆ ಎಲ್ಲಿದೆ, ಎಷ್ಟಿದೆ ಅಂತ ಗೊತ್ತಾಗದೆ ದುಡ್ಡು ಹಾಕಿದರೆ ಏನೂ ಲಾಭ ಇಲ್ಲ.

ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇಟ್‌ಲಿಫ್ಟಿಂಗ್ ಬೆಳ್ಳಿ ತಂದವರು, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು. ಆ ಮಟ್ಟದ ಸ್ಪರ್ಧೆಯಲ್ಲಿ ಒಂದೊಂದು ಕಿಲೋ ಭಾರಕ್ಕೂ ಪದಕದ ಬೆಲೆ. ಅಲ್ಲಿ ಸಣ್ಣ ಲಾಭವೂ ದೊಡ್ಡದು. ನಿಮಗೆ ಹಾಗಿಲ್ಲ. ನಿಮ್ಮ ಲೆಕ್ಕದಲ್ಲಿ ಮೊದಲು ಬರುವುದು ತಪ್ಪದೆ ಜಿಮ್‌ಗೆ ಹೋಗುವುದು, ನಿಧಾನವಾಗಿ ಭಾರ ಏರಿಸುತ್ತಾ ಹೋಗುವುದು, ಏಳು ಗಂಟೆ ನಿದ್ದೆ, ಹೊಟ್ಟೆ ತುಂಬ ಊಟ. ಹೊಸದಾಗಿ ಶುರು ಮಾಡಿದವರಿಗೆ ಮೊದಲ ವರ್ಷ ಪೌಡರ್ ಇಲ್ಲದೆಯೂ ಮೈ ಚೆನ್ನಾಗಿಯೇ ಬೆಳೆಯುತ್ತದೆ.

ಈಗ ಪ್ರೋಟೀನ್ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ಸಾಮಾನ್ಯ ಆರೋಗ್ಯವಂತರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಾಕು. 68 ಕೆ.ಜಿ.ಗೆ ಸುಮಾರು 56 ಗ್ರಾಂ. ಭಾರ ಎತ್ತುವವರಿಗೆ ಸ್ವಲ್ಪ ಜಾಸ್ತಿ ಬೇಕು. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಕಿಲೋಗೆ 1.6 ಗ್ರಾಂ ದಾಟಿದ ಮೇಲೆ ಎಷ್ಟು ತಿಂದರೂ ಸ್ನಾಯು ಬೆಳೆಯುವುದರಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಾಗಾಗಿ 1.2ರಿಂದ 1.6ರ ಒಳಗೆ ಇಟ್ಟುಕೊಳ್ಳಿ. ನಿಮಗೆ ದಿನಕ್ಕೆ 82ರಿಂದ 109 ಗ್ರಾಂ.

ಇಷ್ಟು ಊಟದಿಂದ ಸಿಗುತ್ತದಾ? ನೀವು ಮೀನು ತಿನ್ನುವವರಾದರೆ ಕಷ್ಟವೇ ಇಲ್ಲ. ಬೆಳಿಗ್ಗೆ ಮೂರು ನೀರ್‌ದೋಸೆ, ಚಟ್ನಿ, ಜೊತೆಗೆ ಎರಡು ಬೇಯಿಸಿದ ಮೊಟ್ಟೆ ಅಂತಿಟ್ಟುಕೊಳ್ಳಿ. ದೋಸೆಯಿಂದ ಐದಾರು ಗ್ರಾಂ, ಮೊಟ್ಟೆಯಿಂದ 12. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಒಂದು ಬಟ್ಟಲು ತುಂಬ, ಅದರಲ್ಲಿ ಏಳೆಂಟು ಗ್ರಾಂ. ಎರಡು ಮಧ್ಯಮ ಗಾತ್ರದ ಬಂಗುಡೆ. ತಲೆ, ಮುಳ್ಳು ಬಿಟ್ಟು ಬರೀ ಮಾಂಸ ಹಿಡಿದರೂ ಒಂದೊಂದರಲ್ಲಿ 12-13 ಗ್ರಾಂ. ಸ್ವಲ್ಪ ತೊವ್ವೆ, ನಾಲ್ಕೈದು. ಸಂಜೆ ಚಹಾ ಜೊತೆ ಒಂದು ಹಿಡಿ ನೆಲಕಡಲೆ, ಏಳು. ರಾತ್ರಿ ಅನ್ನ, ಮಧ್ಯಾಹ್ನದ ಪುಳಿಮುಂಚಿಯಲ್ಲಿ ಉಳಿದ ಒಂದು ಬಂಗುಡೆ, ಒಂದು ಬಟ್ಟಲು ಮೊಸರು. ಕೂಡಿಸಿ ನೋಡಿ, 85ರ ಆಸುಪಾಸು ಬಂತು. ಸ್ಪೆಷಲ್ ಡಯಟ್ ಅಂತ ಏನೂ ಮಾಡಿಲ್ಲ. ಬೂತಾಯಿ ಇನ್ನೂ ಒಳ್ಳೆಯದು. ಅದು ಅಗ್ಗದ ಮೀನು ಅಂತ ಹಗುರ ಮಾಡಬೇಡಿ. ಪ್ರೋಟೀನ್ ಜೊತೆ ಒಮೇಗಾ-3 ಕೊಬ್ಬೂ ಅದರಲ್ಲಿ ಚೆನ್ನಾಗಿದೆ. ಅದನ್ನು ದಿನಾ ತಿನ್ನುವವರು ಮೀನೆಣ್ಣೆ ಮಾತ್ರೆಗೆ ಬೇರೆ ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ತೊಂದರೆ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯಲ್ಲೂ ನಮ್ಮ ದಕ್ಕೆಯಲ್ಲೂ ಬೋಟು ಸಾಲಾಗಿ ನಿಂತಿರುತ್ತವೆ. ಸಿಗುವ ಮೀನಿಗೆ ಕೈ ಹಾಕಲಾಗದಷ್ಟು ರೇಟು. ಆಗ ಒಣಮೀನಿನ ಮೇಲೆ ಜಾಸ್ತಿ ನೆಚ್ಚಿಕೊಳ್ಳಬೇಡಿ. ಪ್ರೋಟೀನ್ ಉಂಟು, ಆದರೆ ಉಪ್ಪು ಬಹಳ. ಮೊಟ್ಟೆ, ಕೋಳಿ, ಕಾಳುಗಳ ಕಡೆ ತಿರುಗಿ.

ಸಸ್ಯಾಹಾರಿ ಮನೆಯ ಕಥೆ ಬೇರೆ. ಇಲ್ಲಿ ಕೊರತೆ ನಿಜವಾಗಿಯೂ ಇರಬಹುದು. ಉಡುಪಿ ಕಡೆಯ ಮನೆಯ ಊಟವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಇಡ್ಲಿ ಸಾಂಬಾರ್, ಮಧ್ಯಾಹ್ನ ಅನ್ನ, ಹುಳಿ, ಪಲ್ಯ, ಮಜ್ಜಿಗೆ, ಸಂಜೆ ಕಾಫಿ ಜೊತೆ ಗೋಳಿಬಜೆ, ರಾತ್ರಿ ಮತ್ತೆ ಅನ್ನ ಸಾರು. ರುಚಿಗೆ ಏನೂ ಕಡಿಮೆ ಇಲ್ಲ. ಆದರೆ ಪ್ರೋಟೀನ್ 50-55 ಗ್ರಾಂ ದಾಟುವುದು ಕಷ್ಟ. ಸಾರಿನಲ್ಲಿ ಬೇಳೆ ಎಷ್ಟು ಇರುತ್ತದೆ ಅಂತ ಅಡುಗೆ ಮಾಡುವವರಿಗೇ ಗೊತ್ತು. ಹುರುಳಿ ಬೇಯಿಸಿ ಕಟ್ಟನ್ನು ಬಸಿದು ಸಾರು ಮಾಡಿ, ಬೆಂದ ಕಾಳನ್ನು ದನಕ್ಕೆ ಹಾಕುವ ರೂಢಿ ನಮ್ಮಲ್ಲಿ ಉಂಟಲ್ವಾ? ಪ್ರೋಟೀನ್‌ನ ಹೆಚ್ಚಿನ ಪಾಲು ಹೋಗುವುದು ಆ ಕಾಳಿನ ಜೊತೆ. ಕಾಳನ್ನೂ ಪಲ್ಯ ಮಾಡಿ ತಿನ್ನಿ. 50 ಗ್ರಾಂ ಒಣ ಹುರುಳಿಯಲ್ಲಿ, ಇಲ್ಲವೇ ಹೆಸರುಕಾಳಿನಲ್ಲಿ 11 ಗ್ರಾಂ ಸಿಗುತ್ತದೆ. 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15. ದೊಡ್ಡ ಲೋಟ ಹಾಲಿನಲ್ಲಿ 8. ಇಷ್ಟು ಸೇರಿಸಿದರೆ ಕೊರತೆ ತುಂಬಿತು.

ಇದೆಲ್ಲ ಮಾಡುವುದಕ್ಕೆ ಹೊತ್ತಿಲ್ಲ, ಬಾಡಿಗೆ ರೂಮು, ಹೋಟೆಲ್ ಊಟ ಎನ್ನುವವರಿಗೆ ವೇ ಪ್ರೋಟೀನ್ ಉಪಯೋಗಕ್ಕೆ ಬರುತ್ತದೆ. ಅದು ಔಷಧಿ ಅಲ್ಲ. ಚೀಸ್ ಮಾಡುವಾಗ ಹಾಲು ಒಡೆದು ಉಳಿಯುವ ನೀರನ್ನು ಸೋಸಿ ಒಣಗಿಸಿದ ಪುಡಿ. ಒಂದು ಚಮಚೆ ಅಂದರೆ ಸುಮಾರು 30 ಗ್ರಾಂ ಪುಡಿಯಲ್ಲಿ 20ರಿಂದ 25 ಗ್ರಾಂ ಪ್ರೋಟೀನ್. ನಾಲ್ಕು ಮೊಟ್ಟೆಯಲ್ಲಿ ಇರುವುದೂ ಅಷ್ಟೇ. ಕಿಲೋ ಡಬ್ಬಕ್ಕೆ 2500 ರೂಪಾಯಿ ಅಂತ ಹಿಡಿದರೆ ಒಂದು ಲೋಟಕ್ಕೆ 75 ರೂಪಾಯಿ ಬಿತ್ತು. ಮೊಟ್ಟೆ ಒಂದಕ್ಕೆ 7 ರೂಪಾಯಿ ಕೊಟ್ಟರೂ ನಾಲ್ಕಕ್ಕೆ 28. ಅನುಕೂಲಕ್ಕೆ ದುಡ್ಡು ಕೊಡುವುದು ತಪ್ಪಲ್ಲ. ಆದರೆ ಅದು ಅನುಕೂಲದ ಬೆಲೆ ಅನ್ನುವುದು ನೆನಪಿರಲಿ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯಲೇಬೇಕು ಎಂಬ ಗಡಿಬಿಡಿಯೂ ಬೇಡ. ಇಡೀ ದಿನ ಒಟ್ಟು ಎಷ್ಟು ಹೊಟ್ಟೆಗೆ ಹೋಯಿತು ಎನ್ನುವುದು ಮುಖ್ಯ. ಜಿಮ್ ಮುಗಿಸಿ ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿದರೆ ಸಾಕು.

ನನಗೆ ಡಬ್ಬದ ಮೇಲಿನ ಸಿಟ್ಟಿಗಿಂತ ಡಬ್ಬದ ಒಳಗೆ ಏನಿದೆ ಎನ್ನುವ ಚಿಂತೆ ಜಾಸ್ತಿ. ಕೊಚ್ಚಿಯ ಲಿವರ್ ತಜ್ಞ ಡಾ. ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಜೊತೆಗಾರರು ನಮ್ಮ ದೇಶದ ಮಾರುಕಟ್ಟೆಯಲ್ಲಿ ಸಿಗುವ 36 ಪ್ರೋಟೀನ್ ಪೌಡರ್‌ಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಸುಮಾರು ನೂರಕ್ಕೆ 70ರಷ್ಟು ಪೌಡರ್‌ಗಳಲ್ಲಿ ಲೇಬಲ್‌ನ ಪ್ರೋಟೀನ್ ಲೆಕ್ಕಕ್ಕೂ ಒಳಗಿದ್ದುದಕ್ಕೂ ತಾಳೆಯಾಗಲಿಲ್ಲ. ಕೆಲವದರಲ್ಲಿ ಬೂಷ್ಟಿನಿಂದ ಬರುವ ವಿಷವೂ ಕೀಟನಾಶಕದ ಅಂಶವೂ ಸಿಕ್ಕಿತು. ಹಾಗಾಗಿ ಕೊಳ್ಳುವುದೇ ಆದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆಯಾ, ಸೀಲು ಒಡೆದಿಲ್ಲವಾ ನೋಡಿ. ಹೊರಗಿನ ಲ್ಯಾಬ್ ವರದಿ ತೋರಿಸುವ ಕಂಪನಿ ಆದರೆ ಒಳ್ಳೆಯದು. ಗಿಡಮೂಲಿಕೆಗಳ ಉದ್ದ ಪಟ್ಟಿ ಇರುವ ಡಬ್ಬ ಬೇಡ. ಜಿಮ್‌ನಲ್ಲಿ ಪ್ಲಾಸ್ಟಿಕ್ ಕವರಿಗೆ ಬಿಡಿಯಾಗಿ ತುಂಬಿಸಿ ಕೊಡುವ ಪುಡಿ ಖಂಡಿತ ಬೇಡ.

ಇನ್ನು ಕಿಡ್ನಿ. ಅಮ್ಮನ ಮಾತಿಗೆ ಬುಡ ಇಲ್ಲದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲೇ, ಮೈ ಬೆಳೆಸಲು ಪ್ರೋಟೀನ್ ಪೌಡರ್ ಬೇಡ, ತುಂಬಾ ಕಾಲ ತಗೊಂಡರೆ ಮೂಳೆಗೂ ಕಿಡ್ನಿಗೂ ಹಾನಿ ಆಗಬಹುದು ಎಂಬ ಎಚ್ಚರಿಕೆ ಇದೆ. ಆದರೆ ಕಿಡ್ನಿ ಚೆನ್ನಾಗಿ ಇರುವವರಿಗೆ ನಾನು ಮೇಲೆ ಹೇಳಿದ ಪ್ರಮಾಣದಿಂದ ಕಿಡ್ನಿ ಕೆಟ್ಟದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಪಾಯ ಇರುವುದು ಮೊದಲೇ ಕಿಡ್ನಿ ದುರ್ಬಲ ಆಗಿದ್ದು ಅದು ತಿಳಿಯದೆ ಇದ್ದವರಿಗೆ. ನಿಮಗೆ ಶುಗರ್ ಅಥವಾ ಬಿಪಿ ಇದ್ದರೆ, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಇದ್ದರೆ, ಡಬ್ಬ ತರುವ ಮೊದಲು ಒಂದು ಕ್ರಿಯೇಟಿನಿನ್ ಟೆಸ್ಟು (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ. ಅಮ್ಮನಿಗೂ ಸಮಾಧಾನ.

ಪಟ್ಟಿಯಲ್ಲಿ ನಿಜವಾಗಿ ಕೆಲಸ ಮಾಡುತ್ತದೆ ಅಂತ ಗಟ್ಟಿಯಾಗಿ ಹೇಳಬಹುದಾದದ್ದು ಕ್ರಿಯೇಟಿನ್ ಮೊನೊಹೈಡ್ರೇಟ್. ದಿನಕ್ಕೆ 3ರಿಂದ 5 ಗ್ರಾಂ. ಶುರುವಿನಲ್ಲಿ 20 ಗ್ರಾಂ ತಗೊಂಡು ‘ಲೋಡ್’ ಮಾಡಬೇಕಾಗಿಲ್ಲ. ನಮ್ಮ ದೇಹವೇ ಇದನ್ನು ಸ್ವಲ್ಪ ತಯಾರಿಸುತ್ತದೆ, ಮೀನು ಮಾಂಸದಿಂದಲೂ ಬರುತ್ತದೆ. ಹಾಗಾಗಿ ಸಸ್ಯಾಹಾರಿಗಳಿಗೆ ಇದರ ಪರಿಣಾಮ ಜಾಸ್ತಿ ಕಾಣಬಹುದು. ಕೊನೆಯಲ್ಲಿ ಒಂದೆರಡು ಸಲ ಹೆಚ್ಚು ಎತ್ತಲು ಆಗುತ್ತದೆ, ತಿಂಗಳುಗಟ್ಟಲೆ ಹಾಗೆ ಎತ್ತಿದರೆ ಲಾಭ ಕೂಡುತ್ತಾ ಹೋಗುತ್ತದೆ. ಮೊದಲ ವಾರಗಳಲ್ಲಿ ಸ್ನಾಯುವಿನಲ್ಲಿ ನೀರು ಹಿಡಿದು ತೂಕ ಒಂದೆರಡು ಕಿಲೋ ಏರಿದರೆ ಗಾಬರಿ ಬೇಡ. ರಕ್ತದಲ್ಲಿ ಕ್ರಿಯೇಟಿನಿನ್ ಕೂಡ ಸ್ವಲ್ಪ ಮೇಲೆ ಕಾಣಬಹುದು. ಅದಕ್ಕೆ ಟೆಸ್ಟ್ ಮಾಡಿಸುವಾಗ ಕ್ರಿಯೇಟಿನ್ ತಗೊಳ್ಳುತ್ತಿದ್ದೇನೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಬೇಕೇ ಬೇಕಾ? ಇಲ್ಲ. ಆಸಕ್ತಿ ಇದ್ದರೆ, ಕಿಡ್ನಿ ಸರಿ ಇದ್ದರೆ, ತಗೊಳ್ಳಬಹುದು.

ಬಿಸಿಎಎಗೆ ಒಂದು ರೂಪಾಯಿಯೂ ಹಾಕಬೇಡಿ. ಸ್ನಾಯು ಕಟ್ಟಲು ಊಟದಿಂದಲೇ ಬರಬೇಕಾದ ಅಮೈನೋ ಆಸಿಡ್‌ಗಳು ಒಂಬತ್ತು. ಬಿಸಿಎಎಯಲ್ಲಿ ಇರುವುದು ಮೂರು. ಸಿಮೆಂಟು, ಹೊಯ್ಗೆ ತರದೆ ಬರೀ ಮುರಕಲ್ಲು ರಾಶಿ ಹಾಕಿ ಗೋಡೆ ಏಳಲಿ ಎಂದ ಹಾಗೆ ಇದು. ಆ ಮೂರೂ ಮೊಟ್ಟೆಯಲ್ಲಿ, ಮೀನಿನಲ್ಲಿ, ಹಾಲಿನಲ್ಲಿ ಹೇಗೂ ಇವೆ. ತೂಕ ಏರಿಸಲು ಅಂತ ಮಾರುವ ಮಾಸ್ ಗೇನರ್ ಡಬ್ಬದಲ್ಲಿ ಹೆಚ್ಚಿನ ಪಾಲು ಸಕ್ಕರೆಯಂತೆಯೇ ಬೇಗ ಕರಗುವ ಹಿಟ್ಟು. ಕೊಬ್ಬು ಕರಗಿಸಲು ಅಂತ ಮಾರುವ ಫ್ಯಾಟ್ ಬರ್ನರ್ ಬಗ್ಗೆ ಒಂದೇ ಮಾತು. ಅಂಥವುಗಳಲ್ಲಿ ಹಾಕುವ ಗ್ರೀನ್ ಟೀ ಸಾರದಿಂದ ಲಿವರ್‌ಗೆ ಏಟು ಬಿದ್ದ ಪ್ರಕರಣಗಳು ದಾಖಲಾಗಿವೆ.

ಪ್ರಿ-ವರ್ಕೌಟ್ ವಿಷಯ ನಿಮಗೆ ವಿಶೇಷವಾಗಿ ಹೇಳಬೇಕು, ಯಾಕೆಂದರೆ ನೀವು ಜಿಮ್‌ಗೆ ಹೋಗುವುದು ರಾತ್ರಿ. ಅದರಲ್ಲಿ ಚುರುಕು ತರುವುದು ಮುಖ್ಯವಾಗಿ ಕೆಫೀನ್. ಒಂದು ಚಮಚೆಯಲ್ಲಿ 200, 300 ಮಿ.ಗ್ರಾಂ ಇರುವುದು ಸಾಮಾನ್ಯ. ಎರಡು ಮೂರು ಕಪ್ ಗಟ್ಟಿ ಕಾಫಿಯಷ್ಟು. ದೇಹದಿಂದ ಅರ್ಧ ಹೊರಗೆ ಹೋಗಲು ಸುಮಾರು ಐದು ಗಂಟೆ ಬೇಕು. ಏಳೂವರೆಗೆ ಕುಡಿದರೆ ರಾತ್ರಿ ಹನ್ನೆರಡೂವರೆಗೂ ಅರ್ಧ ಒಳಗೇ ಇದೆ. ನಿದ್ದೆ ಎಲ್ಲಿಂದ ಬರಬೇಕು? ಸ್ನಾಯು ಸುಧಾರಿಸಿಕೊಳ್ಳಲು ಆ ನಿದ್ದೆ ಬೇಕು. ಬೆಳಿಗ್ಗೆ ಹೋಗುವವರು ಅರ್ಧ ಗಂಟೆ ಮೊದಲು ಒಂದು ಕಾಫಿ ಕುಡಿದರೆ ಸಾಕು. ರಾತ್ರಿ ಹೋಗುವವರು ಒಂದು ಬಾಳೆಹಣ್ಣು ತಿಂದು ಹೋಗಿ.

ನಮ್ಮ ಸೆಕೆಗೆ ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರುತ್ತೇವೆ, ನಿಜ. ಆದರೂ ಒಂದು ಗಂಟೆಯ ವ್ಯಾಯಾಮಕ್ಕೆ ಬಣ್ಣದ ಎಲೆಕ್ಟ್ರೊಲೈಟ್ ಪುಡಿ ಅಗತ್ಯವಿಲ್ಲ. ಬೊಂಡ (ಎಳನೀರು) ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಉಪ್ಪು ಹಾಕಿದ ಗಂಜಿ ತಿಳಿ, ಉಪ್ಪು ಮಜ್ಜಿಗೆ ಇದಕ್ಕೆ ಸರಿಯಾಗಿ ಹೊಂದುತ್ತವೆ. ಬಿಪಿ ಇರುವವರು ಉಪ್ಪಿನಲ್ಲಿ ಹಿಡಿತ ಇಟ್ಟುಕೊಳ್ಳಿ.

ಜಿಮ್‌ನಲ್ಲಿ ಯಾರೂ ಮಾತನಾಡದ ಎರಡು ಇವೆ, ವಿಟಮಿನ್ ಬಿ12 ಮತ್ತು ಡಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಬಹಳ. ಬೆಳಿಗ್ಗೆಯಿಂದ ಸಂಜೆ ತನಕ ಎಸಿ ರೂಮಿನಲ್ಲಿ ಕೂರುವವರಿಗೆ, ಕಡಲ ಬದಿಯ ಊರಾದರೂ, ಬಿಸಿಲು ಮೈಗೆ ತಾಗುವುದೇ ಇಲ್ಲ. ಯಾವಾಗಲೂ ಸುಸ್ತು, ಕೈಕಾಲು ಜೋಮು, ಮೈಕೈ ನೋವು ಅಂತಿದ್ದರೆ ಪೌಡರ್ ದುಡ್ಡಲ್ಲಿ ಈ ಎರಡು ರಕ್ತ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟು ಮಾತ್ರೆ ತಗೊಳ್ಳಿ.

ನೀವು ಕೇಳದಿದ್ದರೂ ಒಂದು ಹೇಳಬೇಕು. ನಿಮ್ಮ ಜಿಮ್‌ನಲ್ಲಿ ಪಿಯುಸಿ ಓದುವ ಹುಡುಗರೂ ಇರುತ್ತಾರೆ. ಪೌಡರ್‌ನಿಂದ ಶುರುವಾದ ಆತುರ ಕೆಲವು ಕಡೆ ಇಂಜೆಕ್ಷನ್ ತನಕ ಹೋಗುತ್ತದೆ. ಅದು ಸಪ್ಲಿಮೆಂಟ್ ಅಲ್ಲ, ಸ್ಟೀರಾಯ್ಡ್ ಹಾರ್ಮೋನು. ಹೊರಗಿನಿಂದ ಹಾರ್ಮೋನು ಬಂದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ, ವೀರ್ಯಾಣು ಕುಸಿಯುತ್ತದೆ, ಹೃದಯಕ್ಕೂ ಲಿವರ್‌ಗೂ ಪೆಟ್ಟು. ಬೆಳೆಯುವ ವಯಸ್ಸಿನ ಹುಡುಗರಲ್ಲಿ ಮೂಳೆಯ ತುದಿ ಬೇಗ ಮುಚ್ಚಿ ಎತ್ತರವೇ ನಿಂತುಹೋಗಬಹುದು. ಅಂಥದ್ದು ಯಾರಾದರೂ ಕೊಡುವುದು ಕಣ್ಣಿಗೆ ಬಿದ್ದರೆ ನೋಡಿಯೂ ನೋಡದ ಹಾಗೆ ಇರಬೇಡಿ. ಆ ಹುಡುಗನನ್ನು ಬದಿಗೆ ಕರೆದು ಹೇಳಿ, ಅವನ ಮನೆಯವರಿಗೆ ತಿಳಿಸಿ. ನೀವೂ ಬೇರೆ ಜಿಮ್ ಹುಡುಕಿಕೊಳ್ಳಿ.