ತಾಳ ತಪ್ಪಿದ್ದು ಎದೆ, ತಪ್ಪು ಕತ್ತಿನದು

ಎಪ್ಪತ್ತರ ಹತ್ತಿರದ ಅಜ್ಜಿಯೊಬ್ಬರನ್ನು ಮಗ ಕರೆತಂದಿದ್ದರು. ಎದೆ ಡವಡವ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ನಾಡಿ ಹಿಡಿದರೆ ನಿಮಿಷಕ್ಕೆ 130, ಅದೂ ತಾಳವಿಲ್ಲದ ಓಟ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಕಂಡಿತು. ಅಂದರೆ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಸುಮ್ನೆ ಅದುರುತ್ತಿದ್ದವು.

"ಊಟ ಚೆನ್ನಾಗೇ ಮಾಡ್ತಾರೆ ಡಾಕ್ಟ್ರೇ, ಆದ್ರೂ ರವಿಕೆ ಎಲ್ಲಾ ಹಿಡಿಸಬೇಕಾಯ್ತು" ಎಂದರು ಮಗ. ಆ ಮಾತು ಕೇಳಿ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಮೇಲೆ ಅನುಮಾನ ಬಂದು ಟಿಎಸ್‌ಎಚ್ ಪರೀಕ್ಷೆ ಬರೆದೆ. ಬಂದದ್ದು 0.01ಕ್ಕಿಂತ ಕಡಿಮೆ.

"ಕಡಿಮೆ ಅಂದ್ರೆ ಥೈರಾಯ್ಡ್ ಕಡಿಮೆ ಅಲ್ವಾ?" ಎಂದು ಬಹಳ ಜನ ಕೇಳುತ್ತಾರೆ. ಸಾಮಾನ್ಯವಾಗಿ ಅದು ಉಲ್ಟಾ. ಟಿಎಸ್‌ಎಚ್ ಎಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಹುಕುಂ. ರಕ್ತದಲ್ಲಿ ಹಾರ್ಮೋನು ಜಾಸ್ತಿಯಾದರೆ ಹುಕುಂ ನಿಲ್ಲುತ್ತದೆ. ಅಜ್ಜಿಯ ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಎರಡೂ ಏರಿದ್ದವು.

ಟಿ3 ಹೃದಯದ ಮೇಲೆ ನೇರವಾಗಿ ಕೆಲಸ ಮಾಡುತ್ತದೆ. ಬಡಿತದ ವೇಗ, ಬಿರುಸು ಎರಡೂ ಏರುತ್ತವೆ. ಗಾಬರಿಗೆ ಓಡುವ ನಾಡಿ ನಿದ್ದೆಯಲ್ಲಿ ಇಳಿಯುತ್ತದೆ, ಥೈರಾಯ್ಡ್‌ನಿಂದ ಓಡುವ ನಾಡಿ ನಿದ್ದೆಯಲ್ಲೂ ಜೋರಾಗೇ ಇರುತ್ತದೆ. ಹೀಗೆ ತಿಂಗಳುಗಟ್ಟಲೆ ದುಡಿದರೆ ಹೃದಯ ಸೋಲಬಹುದು. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು.

ಹರೆಯದವರಲ್ಲಿ ಕೈ ನಡುಕ, ಬೆವರು, ಉಬ್ಬಿದ ಕಣ್ಣು ಸುಳಿವು ಕೊಡುತ್ತವೆ. ವಯಸ್ಸಾದವರಲ್ಲಿ ಎಷ್ಟೋ ಸಲ ಇವು ಯಾವುವೂ ಇರುವುದಿಲ್ಲ. ಮಂಕಾಗಿ ಕೂತಿರುತ್ತಾರೆ, ಮನೆಯವರು "ವಯಸ್ಸಾಯ್ತು" ಅಂದುಕೊಳ್ಳುತ್ತಾರೆ. ಇನ್ನು ತೂಕ ಇಳಿಸಲು ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನದೇ ಮಾತ್ರೆ ನುಂಗುವವರೂ ಇದ್ದಾರೆ. ಇದೇ ಕಾಯಿಲೆಯನ್ನು ದುಡ್ಡು ಕೊಟ್ಟು ಕೊಂಡ ಹಾಗೆ!

ಅಜ್ಜಿಗೆ ಆಸ್ತಮಾ ಇರಲಿಲ್ಲ, ಹಾಗಾಗಿ ಬಡಿತ ತಗ್ಗಿಸಲು ಪ್ರೊಪ್ರನೊಲಾಲ್ ಕೊಟ್ಟೆ. ಥೈರಾಯ್ಡ್ ಹತೋಟಿಗೆ ಕಾರ್ಬಿಮಜೋಲ್, ಜೊತೆಗೆ ರಕ್ತ ಹೆಪ್ಪುಗಟ್ಟದ ಹಾಗೆ ಇನ್ನೊಂದು ಮಾತ್ರೆ. ಮಗನಿಗೆ ಒಂದು ಮಾತು ಒತ್ತಿ ಹೇಳಿದೆ: ಕಾರ್ಬಿಮಜೋಲ್ ತಗೊಳ್ಳುವಾಗ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಬನ್ನಿ, ಬಿಳಿ ರಕ್ತಕಣ ಎಣಿಸಬೇಕು. ಅಪರೂಪಕ್ಕೆ ಅವು ಅಪಾಯವಾಗುವಷ್ಟು ಇಳಿಯುತ್ತವೆ.

ಹಾರ್ಮೋನು ಹದಕ್ಕೆ ಬಂದ ಮೇಲೆ ಅನೇಕರಲ್ಲಿ ತಾಳ ತಾನಾಗೇ ಸರಿಹೋಗುತ್ತದೆ. ಅಜ್ಜಿಗೆ ನಾಲ್ಕು ತಿಂಗಳು ಹಿಡಿಯಿತು. ಈಗ ನಾಡಿ 78. ಹಿಡಿಸಿದ್ದ ರವಿಕೆಗಳ ಹೊಲಿಗೆ ಮತ್ತೆ ಬಿಚ್ಚಿಸಬೇಕಂತೆ, ಅದೇ ಅವರ ಹೊಸ ದೂರು.