ಗಾಳಿ ಕಟ್ಟಿದ ಏರಿ

“ಈ ಸರೋವರ ಹಿಂದೆ ಸಮುದ್ರವೇ ಆಗಿತ್ತಂತೆ. ಮರಳು ಅಡ್ಡ ಬಂದು ನೀರು ಒಳಗೇ ಉಳಿದುಬಿಡ್ತಂತೆ” ಅಂದರು ಪಕ್ಕದ ಟೆಂಟಿನವರು. ನಾನು ಒಂದು ಬೊಗಸೆ ನೀರು ಬಾಯಿಗೆ ಹಾಕಿ ಉಗಿದೆ. ಉಪ್ಪಿರಲಿಲ್ಲ. “ಇಷ್ಟು ವರ್ಷ ಮಳೆ ಸುರಿದು ಸಿಹಿಯಾಗಿರಬಹುದಲ್ವಾ?” ಅಂತ ಅವರು ತಿರುಗಿ ಕೇಳಿದರು. ಒಳ್ಳೆಯ ಪ್ರಶ್ನೆ. ಆ ಒಂದು ಪ್ರಶ್ನೆಯಲ್ಲೇ ನನ್ನ ರಜೆಯ ಮೂರು ದಿನ ಕಳೆದುಹೋಯಿತು.

ಜಾಗ ಫ್ರಾನ್ಸಿನ ನೈರುತ್ಯ ಮೂಲೆ. ಬೋರ್ಡೋ ನಗರದ ಕೆಳಗೆ ಲಾಂಡ್ ಅನ್ನುವ ಸೀಮೆ. ಅಲ್ಲಿಯ ಅಟ್ಲಾಂಟಿಕ್ ತೀರ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ನೆಟ್ಟಗೆ ಹೋಗುತ್ತದೆ. ತೀರದ ಬೆನ್ನಿಗೆ ಮರಳಗುಡ್ಡಗಳು, ಅವುಗಳ ಹಿಂದೆ ಸಾಲಾಗಿ ಸಿಹಿನೀರಿನ ಸರೋವರಗಳು, ಸುತ್ತ ಪೈನ್ ಕಾಡು. ಬೆಳಿಗ್ಗೆ ಕಡಲಲ್ಲಿ ಅಲೆ ಆಡಿ, ಮಧ್ಯಾಹ್ನ ಸೈಕಲ್ ತುಳಿದು ಬಂದು ಸರೋವರದಲ್ಲಿ ಉಪ್ಪು ತೊಳೆದುಕೊಳ್ಳಬಹುದು. ನಮ್ಮ ಟೆಂಟ್ ಇದ್ದದ್ದು ಕಾಜೋ-ಸಾಂಗಿನೆ ಸರೋವರದ ಪೂರ್ವ ದಡದಲ್ಲಿ.

ಆ ಸರೋವರದ ನೀರಿನ ಮಟ್ಟ ಸಮುದ್ರಕ್ಕಿಂತ ಸುಮಾರು 20 ಮೀಟರ್ ಮೇಲಿದೆ. ಆರು ಮಹಡಿಯಷ್ಟು ಎತ್ತರ! ಉಳಿದುಹೋದ ಕಡಲು ಅಷ್ಟು ಮೇಲಕ್ಕೆ ಹತ್ತಿ ಕೂರುವುದು ಹೇಗೆ?

ನೀರಿಗೆ ಇಳಿದರೆ ಇನ್ನೊಂದು ಸುಳಿವು ಸಿಗುತ್ತದೆ. ಪೂರ್ವ ದಡದಿಂದ ನಡೆಯುತ್ತಾ ಹೋದೆ, ಹೋದೆ, ನೀರು ಮೊಣಕಾಲು ದಾಟಲೇ ಇಲ್ಲ. ಹಿಂದೆ ತಿರುಗಿದರೆ ನಮ್ಮ ಟವೆಲ್ ಒಂದು ಚುಕ್ಕೆಯಾಗಿತ್ತು. ಆಳವೆಲ್ಲ ಪಶ್ಚಿಮದಲ್ಲಿ, ಮರಳಗುಡ್ಡದ ಕಡೆಗೆ. ಅತಿ ಆಳದ ಜಾಗ 20 ಮೀಟರಿಗೂ ಜಾಸ್ತಿ. ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ಆಳ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡದೆ ಇರುತ್ತೇವೆಯೇ, ಇದು ಕೆರೆ! ನೀರು ಬಂದು ಸೇರುವ ಕಡೆ ಹರವು, ಏರಿಯ ಬುಡದಲ್ಲಿ ಆಳ. ವ್ಯತ್ಯಾಸ ಒಂದೇ, ಈ ಏರಿಯನ್ನು ಯಾವ ಪಾಳೆಗಾರನೂ ಕಟ್ಟಿಸಲಿಲ್ಲ. ಗಾಳಿ ಕಟ್ಟಿತು.

ಗಾಳಿ ಮರಳನ್ನು ಹಾರಿಸಿಕೊಂಡು ಬರುತ್ತದೆ ಅಂದುಕೊಳ್ಳುತ್ತೇವೆ. ಧೂಳು ಹಾರುತ್ತದೆ ಸರಿ, ಮರಳು ಕುಪ್ಪಳಿಸುತ್ತದೆ. ಒಂದು ಕಾಳು ಮೇಲೆದ್ದು, ಸ್ವಲ್ಪ ಮುಂದೆ ಹೋಗಿ ಬೀಳುತ್ತದೆ. ಬೀಳುವಾಗ ನಾಲ್ಕು ಕಾಳಿಗೆ ಹೊಡೆಯುತ್ತದೆ, ಗೋಲಿ ಆಟದ ಹಾಗೆ. ಅವು ಎದ್ದು ಇನ್ನಷ್ಟಕ್ಕೆ ಹೊಡೆಯುತ್ತವೆ. ಊರಲ್ಲಿ ಸುದ್ದಿ ಹಬ್ಬುವುದೂ ಹೀಗೇ, ಯಾರೂ ದೂರ ಹೋಗಬೇಕಾಗಿಲ್ಲ, ಸುದ್ದಿ ಹೋಗುತ್ತದೆ. ಹೀಗೆ ಕಾಳುಗಳು ಗುಡ್ಡದ ಕಡಲ ಬದಿಯ ಇಳಿಜಾರು ಹತ್ತಿ ನೆತ್ತಿ ತಲುಪುತ್ತವೆ. ಅದರಾಚೆ ಗಾಳಿಯ ಹಿಡಿತ ಇಲ್ಲ. ಕಣದಲ್ಲಿ ರಾಗಿ ರಾಶಿ ಮಾಡುವಾಗ ನೋಡಿ, ಎಷ್ಟೇ ಸುರಿದರೂ ಒಂದು ಓರೆ ಮೀರಿದರೆ ಜಾರಿಬಿಡುತ್ತದೆ. ಮರಳಿಗೂ ಅಂಥ ಓರೆ ಇದೆ, ಸುಮಾರು 33 ಡಿಗ್ರಿ. ಜಾರಿದ ಮರಳು ಒಳನಾಡಿನ ಬದಿಗೆ ಬೀಳುತ್ತದೆ. ಬೆನ್ನಿನಿಂದ ತೆಗೆದು ಮುಂದಕ್ಕೆ ಸುರಿಯುತ್ತಾ ಇಡೀ ಗುಡ್ಡ ನಡೆಯುತ್ತದೆ. ಅಲ್ಲೇ ಹತ್ತಿರದ ಪಿಲಾ ಗುಡ್ಡ ಈಗಲೂ ವರ್ಷಕ್ಕೆ ಕೆಲವು ಮೀಟರ್ ನಡೆದು ಕಾಡನ್ನು ನುಂಗುತ್ತಿದೆ. ನೂರು ಮೀಟರಿಗೂ ಎತ್ತರ, ಯುರೋಪಿನಲ್ಲೇ ದೊಡ್ಡದು.

ಪೂರ್ವದಿಂದ ಕಡಲಿಗೆ ಹೊರಟ ಸಣ್ಣ ಹೊಳೆಗಳಿಗೆ ಈ ಗುಡ್ಡಗಳು ಅಡ್ಡ ಬಂದವು. ಅಳಿವೆ ಮುಚ್ಚಿತು. ಲೇರ್ ಅನ್ನುವ ಕೊಂಚ ದೊಡ್ಡ ಹೊಳೆಯ ಬಾಯಿ ಮಾತ್ರ ಮುಚ್ಚಲಿಲ್ಲ. ಅದಕ್ಕೇ ಅದು ಸೇರುವ ಅರ್ಕಾಶೋಂ ಕೊಲ್ಲಿಯಲ್ಲಿ ಇವತ್ತೂ ಉಬ್ಬರ ಇಳಿತ ಉಂಟು, ಸಿಂಪಿ ಬೆಳೆಯುತ್ತಾರೆ. ಉಳಿದ ಹೊಳೆಗಳು ಕೆರೆಯಾದವು. ಸಾಂಗಿನೆ ಕೆರೆಯ ಹೆಚ್ಚಿನ ನೀರು ಬಿಸ್ಕರೋಸ್ ಕೆರೆಗೆ, ಅಲ್ಲಿಂದ ಮುಂದಿನ ಕೆರೆಗೆ, ಕೊನೆಗೆ ಮಿಮಿಜಾಂ ಬಳಿ ಕಡಲಿಗೆ. ಒಂದರ ಕೋಡಿ ಇನ್ನೊಂದಕ್ಕೆ. ನಮ್ಮ ಸರಣಿ ಕೆರೆಗಳೇ!

ಮರಳಿನ ಏರಿ ಸೋರುವುದಿಲ್ಲವೇ? ಸೋರುತ್ತದೆ, ಆದರೆ ನಿಧಾನಕ್ಕೆ. ಗುಡ್ಡದ ಹೊಟ್ಟೆಯೊಳಗೂ ಮಳೆನೀರೇ ತುಂಬಿದೆ. ಬಾವಿ ತೋಡಿದರೆ ಸಿಗುವ ಅಂತರ್ಜಲವೇ ಇಲ್ಲಿ ತೋಡದೆ ಕೆರೆಯಾಗಿ ಕಾಣುತ್ತದೆ, ಅಷ್ಟೇ.

ಅಂದಹಾಗೆ, ಸುತ್ತಲಿನ ಆ ಪೈನ್ ಕಾಡನ್ನು ನೋಡಿ ಆದಿಕಾಲದ್ದು ಅಂತ ಎಲ್ಲರೂ ಮರುಳಾಗುತ್ತಾರೆ. ಬಹುಪಾಲು ನೆಟ್ಟಿದ್ದು. ಮೊದಲು ಮರಳಿಗೆ ತಡೆಯೇ ಇರಲಿಲ್ಲ; ಅದೇ ತೀರದ ಸುಲಾಕ್ ಊರಿನ ಹಳೆಯ ಚರ್ಚನ್ನೇ ಅದು ಮುಚ್ಚಿಹಾಕಿ, 19ನೇ ಶತಮಾನದಲ್ಲಿ ಅಗೆದು ತೆಗೆಯಬೇಕಾಯಿತು. 18ನೇ ಶತಮಾನದ ಕೊನೆಯಲ್ಲಿ ಬ್ರೆಮೋಂತಿಯೆ ಅನ್ನುವ ಎಂಜಿನಿಯರ್ ಹುಲ್ಲು, ಪೈನ್ ಬಿತ್ತಿ ಗುಡ್ಡಗಳನ್ನು ನಿಲ್ಲಿಸಿದ. ಅವನಿಗಿಂತ ಮೊದಲೇ ಸ್ಥಳೀಯರು ಇದನ್ನು ಮಾಡಿ ನೋಡಿದ್ದರು. ಹೆಸರು ಬಂದದ್ದು ಸರ್ಕಾರಿ ಎಂಜಿನಿಯರಿಗೆ. ಒಳನಾಡಿನ ಜೌಗು ನೆಲದಲ್ಲಿ ಕುರುಬರು ಮರದ ಕೋಲುಗಾಲು ಕಟ್ಟಿಕೊಂಡು ಕುರಿ ಕಾಯುತ್ತಿದ್ದರು. 1857ರ ಕಾಯ್ದೆ ಬಂದು ಅಲ್ಲಿ ನೀರು ಬಸಿದು ಪೈನ್ ಹಾಕಿಸಿತು. ಕುರಿ ಹೋಯಿತು, ಕೋಲುಗಾಲು ಜಾತ್ರೆಯ ಕುಣಿತವಾಗಿ ಉಳಿಯಿತು. ಆ ಕುರುಬರನ್ನು ಯಾರಾದರೂ ಕೇಳಿದ್ದರೋ ಇಲ್ಲವೋ.

ಮೂರನೇ ದಿನ ಮಳೆ. ಸಾಂಗಿನೆಯ ಸಣ್ಣ ಮ್ಯೂಸಿಯಂಗೆ ಪಕ್ಕದ ಟೆಂಟಿನವರನ್ನೂ ಕರೆದುಕೊಂಡು ಹೋದೆ. ಒಂದೇ ಮರ ಕೊರೆದು ಮಾಡಿದ ಕಪ್ಪು ದೋಣಿ ಅಲ್ಲಿ ಮಲಗಿತ್ತು, ಒಳಗೆಲ್ಲ ಉಳಿಯ ಗುರುತು. ಸಿಕ್ಕಿದ್ದು ಸರೋವರದ ತಳದಲ್ಲಿ. ಮುಳುಗುಗಾರರು ಅಲ್ಲಿ ರೋಮನ್ ಕಾಲದ ಲೋಸಾ ಅನ್ನುವ ಊರನ್ನೂ ಕಂಡರು, ಚಿಕ್ಕ ಗುಡಿಯ ಸಮೇತ. ಅದಕ್ಕಿಂತ ಪಶ್ಚಿಮಕ್ಕೆ, ಇನ್ನೂ ಆಳದಲ್ಲಿ, ಇನ್ನೂ ಹಳೆಯ ಊರು. ಹೊಳೆಯ ದಂಡೆಯಲ್ಲಿ ಮನೆ ಕಟ್ಟಿದವರು ನೀರು ಏರಿದ ಹಾಗೆಲ್ಲ ಪೂರ್ವಕ್ಕೆ ಸರಿಯುತ್ತಾ ಬಂದಿದ್ದಾರೆ. ನಾವು ಟೆಂಟ್ ಹಾಕಿದ ದಡದ ಕಡೆಗೇ.

ಪಕ್ಕದ ಟೆಂಟಿನವರು ನಕ್ಷೆಯನ್ನು ತುಂಬಾ ಹೊತ್ತು ನೋಡಿದರು. “ಹಾಗಾದ್ರೆ ಸಮುದ್ರ ಅಲ್ಲ” ಅಂದರು. ಆಮೇಲೆ, “ಈಗ ನೀರು ಏರ್ತಾ ಇಲ್ವಾ?”