ಆಳವಿಲ್ಲದ ಕಡಲಿನ ಅಡ್ಮಿರಲ್

ನೆದರ್ಲೆಂಡ್ಸ್ ಕರಾವಳಿ ಹಡಗು ನಡೆಸುವವರಿಗೆ ದೊಡ್ಡ ತಲೆನೋವು. ರೈನ್, ಮ್ಯೂಸ್, ಸ್ಕೆಲ್ಟ್ ನದಿಗಳು ಹೊತ್ತು ತಂದ ಮರಳು ಅಲ್ಲಿ ದಿಬ್ಬ ದಿಬ್ಬವಾಗಿ ಬಿದ್ದಿದೆ. ಅಲೆ ಮತ್ತು ಉಬ್ಬರ ಇಳಿತಕ್ಕೆ ಅವು ಜಾಗವನ್ನೂ ಬದಲಿಸುತ್ತವೆ. ಈ ತಲೆನೋವನ್ನೇ ಆಯುಧ ಮಾಡಿಕೊಂಡವನು ಡಚ್ಚರ, ಅಂದರೆ ನೆದರ್ಲೆಂಡ್ಸ್ ಜನರ, ನೌಕಾಪಡೆಯ ಅಡ್ಮಿರಲ್ ಮಿಖೀಲ್ ಡೆ ರಾಯ್ಟರ್.

ಹುಟ್ಟಿದ್ದು 1607ರಲ್ಲಿ, ವ್ಲಿಸ್ಸಿಂಗೆನ್ ಎಂಬ ಬಂದರಿನಲ್ಲಿ. ಅಪ್ಪ ಬಿಯರ್ ಪೀಪಾಯಿ ಹೊರುತ್ತಿದ್ದ. ಹುಡುಗ ಹಗ್ಗ ಹೊಸೆಯುವಲ್ಲಿ ಚಕ್ರ ತಿರುಗಿಸಿದ, 11ನೇ ವಯಸ್ಸಿಗೆ ಹಡಗು ಹತ್ತಿದ. ತಿಮಿಂಗಿಲ ಬೇಟೆ, ವ್ಯಾಪಾರ ಎಲ್ಲ ಮುಗಿಸಿ 1652ರಲ್ಲಿ ಊರಲ್ಲಿ ನೆಮ್ಮದಿಯಾಗಿ ಇರೋಣ ಎಂದುಕೊಂಡ. ಅದೇ ವರ್ಷ ಇಂಗ್ಲೆಂಡಿನ ಜೊತೆ ಯುದ್ಧ ಶುರುವಾಯಿತು, ನೌಕಾಪಡೆಯಿಂದ ಕರೆ ಬಂತು.

ಡಚ್ ಹಡಗುಗಳ ತಳ ಅಗಲ, ಚಪ್ಪಟೆ. ಹರಿವಾಣವನ್ನೂ ಅಷ್ಟೇ ತೂಕದ ಚೊಂಬನ್ನೂ ನೀರಿಗೆ ಬಿಟ್ಟು ನೋಡಿ. ತೇಲಲು ಎರಡೂ ತಮ್ಮ ತೂಕದಷ್ಟೇ ನೀರನ್ನು ಸರಿಸಬೇಕು. ಹರಿವಾಣ ಅಗಲದಲ್ಲೇ ಆ ಕೆಲಸ ಮುಗಿಸುತ್ತದೆ, ಚೊಂಬು ಆಳಕ್ಕೆ ಇಳಿಯುತ್ತದೆ. ಇಂಗ್ಲಿಷ್ ಯುದ್ಧನೌಕೆಗಳು ಜಾಸ್ತಿ ಆಳಕ್ಕೆ ಇಳಿಯುತ್ತಿದ್ದವು. ಹಾಗಂತ ಡಚ್ಚರಿಗೆ ಎಲ್ಲ ಲಾಭವೇ ಅಲ್ಲ. ಚಪ್ಪಟೆ ತಳದ ಹಡಗನ್ನು ಗಾಳಿ ಸುಲಭವಾಗಿ ಪಕ್ಕಕ್ಕೆ ತಳ್ಳುತ್ತದೆ. ಅವರ ಫಿರಂಗಿಗಳೂ ಹಗುರ.

ಇಂಗ್ಲೆಂಡಿನ ಜೊತೆಗಿನ ಮುಂದಿನ ಯುದ್ಧದಲ್ಲಿ, 1667ರ ಜೂನ್‌ನಲ್ಲಿ ಡೆ ರಾಯ್ಟರ್‌ನ ನೌಕಾಪಡೆ ಥೇಮ್ಸ್ ಅಳಿವೆಗೆ ನುಗ್ಗಿತು. ಅಲ್ಲಿಂದ ಒಂದು ತುಕಡಿ ಮೆಡ್‌ವೇ ನದಿಗೆ ತಿರುಗಿ, ಅಡ್ಡ ಕಟ್ಟಿದ್ದ ಸರಪಳಿ ಮುರಿದು, ಇಂಗ್ಲೆಂಡಿನ ಹಡಗುಗಳಿಗೆ ಬೆಂಕಿ ಇಟ್ಟಿತು. ನನಗೆ ಬೆಂಕಿಗಿಂತ ಇಷ್ಟವಾಗುವುದು ಇಂಗ್ಲಿಷರ ದೊಡ್ಡ ಯುದ್ಧನೌಕೆ ರಾಯಲ್ ಚಾರ್ಲ್ಸ್ ಅನ್ನು ಎಳೆದೊಯ್ದ ರೀತಿ. ಆ ನೀರು, ಆ ಗಾಳಿಯಲ್ಲಿ ಸ್ಥಳೀಯ ನಾವಿಕರೂ ಅದನ್ನು ಹೊರಡಿಸುತ್ತಿರಲಿಲ್ಲವಂತೆ. ಡಚ್ಚರು ಹಡಗನ್ನು ಒಂದು ಪಕ್ಕಕ್ಕೆ ವಾಲಿಸಿದರು. ವಾಲಿದಾಗ ಅಡಿಯ ದಿಮ್ಮಿ ಮೇಲೇಳುತ್ತದೆ, ಕಡಿಮೆ ನೀರು ಸಾಕಾಗುತ್ತದೆ. ತಮಾಷೆ ಎಂದರೆ ತಂದ ಮೇಲೆ ಅದು ಅವರಿಗೇ ಉಪಯೋಗಕ್ಕೆ ಬರಲಿಲ್ಲ. ಡಚ್ ಕರಾವಳಿಗೆ ಅದು ತೀರಾ ಆಳದ ಹಡಗು! ಕೆಲವು ವರ್ಷ ಜನ ಬಂದು ನೋಡಿದರು, 1673ರಲ್ಲಿ ಗುಜರಿಗೆ ಹೋಯಿತು. ಅದರ ಹಿಂಭಾಗದ ಕೆತ್ತನೆ ಈಗಲೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ.

ಅದೇ 1673ರಲ್ಲಿ ಇಂಗ್ಲೆಂಡ್, ಫ್ರಾನ್ಸ್ ಎರಡೂ ಸೇರಿ ಬಂದವು. ಡೆ ರಾಯ್ಟರ್ ಸ್ಕೆಲ್ಟ್ ನದಿಯ ಬಾಯಲ್ಲಿ, ಮರಳು ದಿಬ್ಬಗಳ ನಡುವಿನ ಸ್ಕೋನೆವೆಲ್ಟ್‌ನಲ್ಲಿ ಲಂಗರು ಹಾಕಿ ಕೂತ. ಅಷ್ಟು ದೊಡ್ಡ ಪಡೆಗೆ ಅಲ್ಲಿ ಹಾಯಾಗಿ ಓಡಾಡಲು ಜಾಗವಿಲ್ಲ. ಇವನಾದರೋ ಗಾಳಿ ನೋಡಿಕೊಂಡು ಹೊರಬಂದು ಹೊಡೆದು ವಾಪಸ್ ಹೋಗಬಹುದು. ಜೂನ್‌ನಲ್ಲಿ ಎರಡು ಸಲ, ಆಗಸ್ಟ್‌ನಲ್ಲಿ ಟೆಕ್ಸೆಲ್ ಬಳಿ ಇನ್ನೊಂದು ಸಲ ಕಾದಾಡಿ, ಶತ್ರು ಸೈನ್ಯ ದಡಕ್ಕೆ ಇಳಿಯದಂತೆ ತಡೆದ. ಮರುವರ್ಷ ಇಂಗ್ಲೆಂಡ್ ಸಂಧಿ ಮಾಡಿಕೊಂಡಿತು.

ಕೊನೆಗೆ ಅವನನ್ನು ಕಳಿಸಿದ್ದು ಮೆಡಿಟರೇನಿಯನ್‌ಗೆ. ಅಲ್ಲಿ ಆಳದ ನೀರು, ಬೆನ್ನಿಗೆ ಮರಳು ದಿಬ್ಬವಿಲ್ಲ. ಪಡೆ ಸಾಲದು ಎಂದು ಅವನೇ ದೂರಿದ್ದ. 1676ರ ಏಪ್ರಿಲ್ 22ರಂದು ಸಿಸಿಲಿಯ ಪೂರ್ವ ಕರಾವಳಿಯಲ್ಲಿ ಫ್ರೆಂಚರ ಗುಂಡು ಕಾಲಿಗೆ ಬಡಿಯಿತು. ಗಾಯದಿಂದ ಬಂದ ಜ್ವರದಲ್ಲಿ ಒಂದು ವಾರ ನರಳಿ 29ಕ್ಕೆ ತೀರಿಕೊಂಡ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವನದೇ ದೇಶದ ಡೆಲ್ಫ್ಟ್ ಊರಿನಿಂದ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಲಂಡನ್ನಿಗೆ ಪತ್ರ ಬರೆದ. ಮಸೂರದಡಿ ನೀರಲ್ಲಿ ಕಂಡ ಪುಟಾಣಿ ಜೀವಿಗಳ ವಿಷಯ ಅದರಲ್ಲಿತ್ತು. ಗಾಯ ಕೊಳೆಯುವುದಕ್ಕೂ ಅಂಥ ಜೀವಿಗಳಿಗೂ ಸಂಬಂಧವಿದೆ ಎಂದು ಬ್ರಿಟಿಷ್ ಶಸ್ತ್ರವೈದ್ಯ ಲಿಸ್ಟರ್ ಗಾಯಕ್ಕೆ ಆ ಜೀವಿಗಳನ್ನು ಕೊಲ್ಲುವ ಕಾರ್ಬಾಲಿಕ್ ಆಮ್ಲ ಹಚ್ಚಿ ತೋರಿಸಿಕೊಟ್ಟಿದ್ದು 1867ರಲ್ಲಿ.